ಭೂತಾನದ ನೋಟಿನ ಮುಯ್ಯಿ

ಇಂಡಿ ಬಸ್ ನಿಲ್ದಾಣದಲ್ಲಿ ಸಿಂದಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನ ಗಂಟು ಬಿಚ್ಚಿ ಭೂತಾನದ ಎರಡು ನೋಟು ತೆಗೆದರು: ಐವತ್ತರದೊಂದು, ಇಪ್ಪತ್ತರದೊಂದು. ಗಂಡ ಅಲ್ಲಿ ರಸ್ತೆ ಕೆಲಸದಲ್ಲಿದ್ದಾಗ ತಂದವಂತೆ. ಇಪ್ಪತ್ತು ವರ್ಷದ ಹಿಂದೆ ಇವರ ಮದುವೆಗೆ ಗೆಳತಿಯೊಬ್ಬಳು ಲುಂಬಿನಿ ಯಾತ್ರೆಯಿಂದ ತಂದ ನೇಪಾಳದ ನೂರರ ನೋಟನ್ನು ಮುಯ್ಯಿ ಮಾಡಿದ್ದಳು. ಇವತ್ತು ಅಗರಖೇಡದಲ್ಲಿ ಆ ಗೆಳತಿಯ ಮಗಳ ಮದುವೆ. ಮುಯ್ಯಿ ತಿರುಗಿಸಬೇಕು.

"ನಮ್ಮ ರೂಪಾಯಿ ಕೊಟ್ಟರೆ ಆಗದೇ?" ಎಂದೆ.

"ಆಕಿ ಪರದೇಶದ ನೋಟ ಕೊಟ್ಟಾಳ್ರಿ, ನಾನೂ ಪರದೇಶದ್ದ ಕೊಡಾಕಿ. ನನ್ನ ಲಗ್ನದಾಗಿನ ದರ ನೋಡ್ರಿ, ಇವತ್ತಿಂದು ಬ್ಯಾಡ."

ಮೊಬೈಲಿನಲ್ಲಿ ಹುಡುಕಿ ಬೆರಗಾದೆ. ಎರಡೂ ದೇಶದ ಹಣದ ಬೆಲೆ ನಮ್ಮ ರೂಪಾಯಿಗೇ ಕಟ್ಟಿದ್ದರಿಂದ ಇಷ್ಟು ವರ್ಷವಾದರೂ ಆ ದರ ಕದಲಿಲ್ಲ. ಅಂದೂ ಇಂದೂ ಭೂತಾನದ ನೂರಕ್ಕೆ ನೇಪಾಳದ ನೂರ ಅರವತ್ತು. ಐವತ್ತರ ನೋಟೊಂದೇ ಕೊಟ್ಟರೆ ನೇಪಾಳದ ಎಂಬತ್ತಾಗಿ ಇಪ್ಪತ್ತು ಕಡಿಮೆ ಬೀಳುತ್ತದೆ, ಎರಡೂ ಕೊಟ್ಟರೆ ಹನ್ನೆರಡು ಹೆಚ್ಚಾಗುತ್ತದೆ ಎಂದೆ.

"ಹೆಚ್ಚ ಆಗ್ಲಿ ಬಿಡ್ರಿ," ಎಂದು ಎರಡನ್ನೂ ಮತ್ತೆ ಗಂಟು ಹಾಕಿದರು. "ಸರೀಗಿ ಸರಿ ಕೊಟ್ರ ಲೆಕ್ಕಾ ಮುಗದ ಹೋಗ್ತೈತಿ. ಆ ಹನ್ನೆರಡು ತೀರ್ಸಾಕರ ಆಕಿ ನಮ್ಮ ಮನಿಗೆ ಬರಬೇಕಲ್ರಿ."