ಬಟನ್ ಹುಡುಕುತ್ತಿದ್ದವಳು

ದೇರೆಬೈಲಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿಗೆ ವೆಬ್‌ಸೈಟ್ ಪರೀಕ್ಷಿಸುವ ಕೆಲಸ. ಪುಟದಲ್ಲಿ ಯಾವ ಬಟನ್ ಒತ್ತಬೇಕೆಂದು ಕಂಪ್ಯೂಟರಿಗೆ ದಾರಿ ಬರೆದುಕೊಡುತ್ತಿದ್ದಳು. ನನ್ನ ಕನ್ನಡಕ ಕಾಣದಿದ್ದರೂ "ಸಿಗ್ತದೆ ಅಜ್ಜಿ" ಎನ್ನುವವಳು.

ಒಂದು ಸಂಜೆ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಎಂತಾಯ್ತು ಮಾರಾಯ್ತಿ?"

"ಪುಟದ ಮೇಲಿಂದ ಮೂರನೇ ಚೌಕದ ಬಟನ್ ಒತ್ತು ಅಂತ ಬರೆದಿದ್ದೆ. ವೆಬ್‌ಸೈಟಿನವರು ಅದರ ಮೇಲೊಂದು ಜಾಹೀರಾತು ತುರುಕಿದ್ರು. ಈಗ ಕಂಪ್ಯೂಟರ್ ಬೇರೆಯದನ್ನೇ ಒತ್ತುತ್ತದೆ. ನಾಳೆಯೂ ತಪ್ಪಿದ್ರೆ ಕೆಲಸ ಹೋಗ್ತದೆ."

"ಹಾಗಾದ್ರೆ ಇಲ್ಲಿ ಎಂತಕ್ಕೆ ಕೂತದ್ದು?"

ಎದ್ದು ಹೋದಳು. ಎಣಿಕೆ ಬಿಟ್ಟು, 'ಕಳುಹಿಸು' ಎಂದು ಬರೆದಿರುವ ಬಟನ್ ಎಲ್ಲಿದ್ದರೂ ಒತ್ತು ಎಂದು ದಾರಿಯನ್ನೇ ಬದಲಿಸಿದಳಂತೆ.

ಮರುದಿನ ದಡದಡ ಇಳಿದು ಬಂದಳು. "ಅಜ್ಜಿ, ಇವತ್ತು ಇನ್ನೂ ಎರಡು ಜಾಹೀರಾತು ಹಾಕಿದ್ದಾರೆ!"

"ಮತ್ತೆ?"

"ಆದ್ರೂ ಸಿಕ್ಕಿತು!"

ಕಾವಲಿಯಿಂದ ನೀರುದೋಸೆ ತೆಗೆದು ಅವಳ ತಟ್ಟೆಗೆ ಹಾಕುತ್ತಾ ಹೋದೆ. ಎಷ್ಟಾಯಿತೆಂದು ಇಬ್ಬರೂ ಎಣಿಸಲಿಲ್ಲ.