ಹೊಕ್ಕಳು ನೋಡಿದ ಕಡೆ

ಹೋದ ತಿಂಗಳು ಒಂದು ಭಾನುವಾರ ಗೋವಾದ ನಮ್ಮ ಸಡಾದ ಓಣಿಯಲ್ಲಿ ಎದುರು ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ನಾನು ಟೊಂಕಕ್ಕೆ ಮುಲಾಮು ತಿಕ್ಕಿಸಿಕೊಳ್ಳುತ್ತ ಬೋರಲು ಬಿದ್ದಿದ್ದೆ. ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ನುಗ್ಗಿದ್ದೇ ತಡ, ದ್ಯಾಮವ್ವ ದೊಡ್ಡವ್ವ ನೆನಪಾದಳು. ಅಯ್ಯೋ, ಮದ್ದು ಎದುರಿಗೇ ಇತ್ತಲ್ಲಪ್ಪ!

ನಗಬೇಡಿ, ನನ್ನ ಟೊಂಕ ಹಿಡಿದದ್ದು ಗಾಲ್ಫ್ ಆಡಿ. ಇಲ್ಲಿಯ ಹೋಟೆಲೊಂದರ ಮೈದಾನದಲ್ಲಿ ನಾನು ಕ್ಯಾಡಿ. ಅಂದರೆ ಸಾಹೇಬರು ಆಡುತ್ತಾರೆ, ಅವರ ಕೋಲುಗಳ ಚೀಲ ನಾನು ಹೊರುತ್ತೇನೆ. ವರ್ಷಕ್ಕೊಂದು ಸೋಮವಾರ ಮಾತ್ರ ಮೈದಾನ ನಮ್ಮದು, ಕೆಲಸಗಾರರದೇ ಪಂದ್ಯ. ಹೋದ ವರ್ಷ ಮೂರನೆಯ ಹೊಡೆತಕ್ಕೇ ಟೊಂಕದಲ್ಲಿ ಚಳಕ್ ಎಂದಿತು. ಹುಲ್ಲು ಸಾಗಿಸುವ ಗಾಡಿಯಲ್ಲಿ ನನ್ನನ್ನು ಸಾಗಿಸಿದರು. ಅಂದಿನಿಂದ ನನ್ನ ಬೂಟಿನ ದಾರ ಕಟ್ಟುವವಳು ಹೆಂಡತಿ ರೇಣುಕಾ.

"ಈ ಸಲ ಮತ್ತ ಬಿದ್ರ ಚೀಲ ಹೊರೂದೂ ಆಗೂದಿಲ್ಲ, ಕೆಲಸಾನೂ ಹೋಗತೈತ್ರಿ. ಆಡೂದು ಬಿಡ್ರಿ" ಎಂದು ತಿಕ್ಕುತ್ತಲೇ ಬೈದಳು. ಖರೆ ಮಾತು. ಆದರೆ ಆ ಒಂದು ದಿನಕ್ಕಾಗಿ ವರ್ಷವಿಡೀ ಕಾಯುವವನು ನಾನು, ಬಿಡು ಅಂದರೆ ಹೇಗೆ ಬಿಡಲಿ?

ದೊಡ್ಡವ್ವ ನನ್ನ ಅವ್ವನ ಅಕ್ಕ. ಈಗ ಗೋವಾದ ಇನ್ನೊಂದು ಕಡೆ, ಮೋತಿ ಡೊಂಗರ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಗೋವಾಕ್ಕೆ ಬಂದ ಹೊಸದರಲ್ಲಿ ಅವಳ ಜೊತೆ ಸ್ಲ್ಯಾಬಿನ ಕೆಲಸಕ್ಕೆ ಹೋಗುತ್ತಿದ್ದೆ. ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಬೇಕು. ನಾನೋ ಗಂಡಸು! ಕಾಲು ಗಟ್ಟಿಯಾಗಿ ಊರಿ, ತೋಳಿನ ಜೋರು ತೋರಿಸುತ್ತ, ನಡ ಮಾತ್ರ ತಿರುವುತ್ತಿದ್ದೆ. ಮಧ್ಯಾಹ್ನಕ್ಕೇ ಹೈರಾಣ. ಅವಳು ಸಂಜೆಯವರೆಗೂ ಪದ ಹಾಡಿಕೊಂಡೇ ದಾಟಿಸುತ್ತಿದ್ದಳು.

"ಏ ಖೋಡಿ, ಕಾಲೇನ್ ಹುಗದೀಯೇನು? ಹಿಂಬಡ ಎತ್ತು. ಮೊದ್ಲ ಕಾಲು ತಿರುಗಲಿ, ಆಮ್ಯಾಲ ಟೊಂಕ, ಕೈ ಕಡೀಕ ಬರಲಿ. ನಿನ್ನ ಹೊಕ್ಕಳ ಎತ್ತಾಗ ನೋಡತೈತೋ ಬುಟ್ಟಿ ಅತ್ತಾಗ ಹೋಗಬೇಕು!"

ಸಂಜೆ, ಚಲೋ ಮಾಡಿದೆನಾ ಎಂದು ಕೇಳಿದರೆ ಅವಳದು ಒಂದೇ ಉತ್ತರ: "ನಾಳಿ ಮುಂಜಾನಿ ಎದ್ದು ಬಾ, ಹೇಳತೇನಿ." ಮುಂಜಾನೆ ನಾನು ಎದ್ದು ಬರುತ್ತಿದ್ದದ್ದು ಗೋಡೆ ಹಿಡಿದುಕೊಂಡು. ಹೀಗಾಗಿ ಶಹಬ್ಬಾಸ್ ಎನ್ನಿಸಿಕೊಳ್ಳುವ ಯೋಗ ಬರಲೇ ಇಲ್ಲ. ಕೊನೆಗೆ ಆ ಕೆಲಸವನ್ನೇ ಬಿಟ್ಟು ಕ್ಯಾಡಿಯಾದೆ.

ಆ ಭಾನುವಾರ ಕಿಟಕಿಯಿಂದ ನೋಡುತ್ತೇನೆ, ಎದುರಿನ ಸಾಲಿನಲ್ಲೊಬ್ಬ ಹೆಣ್ಣುಮಗಳು ಬುಟ್ಟಿ ದಾಟಿಸುವಾಗ ಹಿಮ್ಮಡಿ ತಾನಾಗಿ ಏಳುತ್ತಿದೆ. ನನಗೆ ತಟ್ಟನೆ ಹೊಳೆಯಿತು. ಕ್ಯಾಡಿಗೆ ಕಲಿಸುವ ಮೊದಲ ಪಾಠವೇ, ಸಾಹೇಬರು ಹೊಡೆಯುವಾಗ ಗೂಟದಂತೆ ನಿಲ್ಲು, ಕಾಲು ಮಿಸುಕಬೇಡ ಎಂಬುದು. ಎಂಟು ವರ್ಷ ಹಾಗೆ ನಿಂತು ನಿಂತು, ಕೋಲು ನನ್ನ ಕೈಗೇ ಬಂದಾಗಲೂ ನನ್ನ ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ. ಕೈ ಸಾಹೇಬ, ಕಾಲು ಕ್ಯಾಡಿ. ನಡುವೆ ಸಿಕ್ಕಿಬಿದ್ದದ್ದು ಟೊಂಕ!

ನೋವು ತುಸು ಇಳಿದ ಮೇಲೆ ದಿನಾ ಅಂಗಳದಲ್ಲಿ ಕಸಬರಿಗೆ ಹಿಡಿದು ಮೆಲ್ಲಗೆ ಬೀಸತೊಡಗಿದೆ. ಕಾಲು, ಟೊಂಕ, ಆಮೇಲೆ ಕೈ. "ಅಷ್ಟು ಹುರುಪಿದ್ರ ಕಸಾನೂ ಹೊಡೀರಲ್ಲ" ಎಂದಳು ರೇಣುಕಾ. ಹೊಡೆದೆ, ಅದೂ ಅಭ್ಯಾಸವೇ ತಾನೆ?

ನಿನ್ನೆ ಪಂದ್ಯ. ಮೂರನೆಯ ಹೊಡೆತಕ್ಕೆ ನಿಂತಾಗ ಹೋದ ವರ್ಷದ ಚಳಕ್ ನೆನಪಾಯಿತು. ಇದು ಚೆಂಡಲ್ಲ, ಬುಟ್ಟಿ ಎಂದುಕೊಂಡೆ. ಕೋಲು ಹಿಂದೆ ಹೋಯಿತು. ಎಡಗಾಲ ಮೇಲೆ ಭಾರ ಬಂತು, ಟೊಂಕ ಹೊರಳಿತು, ಬಲ ಹಿಮ್ಮಡಿ ಎದ್ದಿತು, ಕೈ ತಾನಾಗಿ ಹಿಂಬಾಲಿಸಿತು. ಠಣ್! ಆಹಾ, ಚೆಂಡು ಹೋದದ್ದು ನೋಡಬೇಕಿತ್ತು ನೀವು! ನನ್ನ ಹೊಕ್ಕಳು ಗುಳಿಯ ಬಾವುಟದತ್ತ ನೋಡುತ್ತಿತ್ತು, ಚೆಂಡೂ ಅತ್ತಲೇ. ನಾಲ್ಕನೆಯದೂ ಹಾಗೇ, ಹತ್ತನೆಯದೂ ಹಾಗೇ. ಗೆದ್ದವನು ಅಡಿಗೆಮನೆಯವನು, ಗೆಲ್ಲಲಿ ಬಿಡಿ. ನಾನು ಕುಣಿಯುತ್ತಲೇ ದೊಡ್ಡವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿ, "ಚಲೋ ಮಾಡಿದ್ನಿಲ್ಲ ಬೇ?" ಎಂದೆ.

"ನಾಳಿ ಮುಂಜಾನಿ ಕೇಳು" ಎಂದು ಇಟ್ಟೇಬಿಟ್ಟಳು.

ಇವತ್ತು ಮುಂಜಾನೆ ರೇಣುಕಾ ಎಂದಿನಂತೆ ಬಂದು, "ಕಾಲು ಕೊಡ್ರಿ" ಎಂದು ಕುಕ್ಕರಗಾಲಲ್ಲಿ ಕೂತಳು. ದಾರ ಆಗಲೇ ಕಟ್ಟಿತ್ತು. ಎರಡೂ ಬೂಟು ನೋಡಿ, ನನ್ನ ಮುಖ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೋತಿ ಡೊಂಗರ್‌ಗೆ ಫೋನ್ ಹಚ್ಚಿದೆ.

"ಎದ್ದೇನಿ ಬೇ, ದೊಡ್ಡವ್ವಾ. ಗ್ವಾಡಿ ಹಿಡೀಲಿಲ್ಲ."

"ಹಂಗಾರ ಚಲೋ ಮಾಡೀದಿ" ಎಂದಳು.