ನಂಬೋ ಹಂಗೈತೆ ಅನ್ನುತ್ತಿದ್ದ ಮಾವ

ಎದುರುಮನೆ ಮಾವನ ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿಯೇ ಇರುತ್ತಿತ್ತು. ಎಳೆಯ ವಯಸ್ಸಿನಲ್ಲಿ ಟಗರು ಗುದ್ದಿತ್ತಂತೆ. ಯಾರೇನು ಹೇಳಿದರೂ ಆ ಅರೆಗಣ್ಣಿನಲ್ಲೇ ಕೇಳಿ, ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು, "ನಂಬೋ ಹಂಗೈತೆ" ಎನ್ನುತ್ತಿದ್ದರು. "ನಿಜ" ಎಂದದ್ದನ್ನು ನಾನು ಕೇಳಿಲ್ಲ. ಚಳ್ಳಕೆರೆ ಕಾಲೇಜಿನಲ್ಲಿ ಫಸ್ಟ್ ಕ್ಲಾಸ್ ಬಂತೆಂದು ಪೇಡಾ ಕೊಟ್ಟಾಗಲೂ ಅದೇ ಮಾತು. ನನಗೆ ಸಿಟ್ಟು ಬಂತು.

"ನಾನು ಸುಳ್ಳು ಹೇಳ್ತೀನಾ ಮಾವ?"

"ಸುಳ್ಳು ಅಂದ್ನೇನು? ನಾನು ನೋಡಿಲ್ಲ, ಅದಕ್ಕೆ ನಂಬೋ ಹಂಗೈತೆ ಅಂದೆ" ಎಂದು ಇನ್ನೊಂದು ಪೇಡಾ ತೆಗೆದುಕೊಂಡರು.

ನಮ್ಮೂರು ದೊಡ್ಡಉಳ್ಳಾರ್ತಿಯಲ್ಲಿ ಕುರಿಗಳ ತಗಾದೆ ಎದ್ದರೆ ಮಾವನೇ ತೀರ್ಮಾನ ಹೇಳಬೇಕು. ಊರ ಕುರಿಗಳೆಲ್ಲ ಮೇಯುತ್ತಿದ್ದ ಕಾವಲಿಗೆ ಬೇಲಿ ಹಾಕಿದ ಮೇಲೆ, ಉಳಿದ ತುಂಡು ಹುಲ್ಲಿನಲ್ಲೇ ಎಲ್ಲರ ಹಿಂಡುಗಳೂ ಮೇಯುತ್ತವೆ, ಮರಿಗಳು ಬೆರೆತುಹೋಗುತ್ತವೆ. ಹಾಗೆ ತಪ್ಪಿಸಿಕೊಂಡ ಅವ್ವನ ಹೆಣ್ಣುಮರಿಯೊಂದು ಕೆಲವು ದಿನಗಳ ಮೇಲೆ ಪಕ್ಕದ ಹಟ್ಟಿಯವರ ಹಿಂಡಿನಲ್ಲಿ ಕಂಡಿತು. ಅವರು ತಮ್ಮದೆಂದರು. ಇದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಹಸಿದ ಮರಿಯನ್ನು ಎರಡು ತಾಯಿಕುರಿಗಳ ನಡುವೆ ಬಿಡುವುದು. ಯಾವುದು ಮೊಲೆ ಕೊಡುತ್ತದೋ ಅದರ ಒಡೆಯರಿಗೆ ಮರಿ.

ನಮ್ಮ ಕುರಿ ಮೂಸಿ ನೋಡಿ ದೂರ ಸರಿಯಿತು. ಅವರ ಕುರಿ ಸುಮ್ಮನೆ ನಿಂತು ಹಾಲು ಕೊಟ್ಟಿತು.

"ಅವರ ಮರಿ ಸತ್ತೈತಣ್ಣ. ಅದರ ಚರ್ಮ ನನ್ನ ಮರಿಗೆ ಹೊದಿಸಿ ಹಾಲು ರೂಢಿ ಮಾಡ್ಯಾರೆ. ಇದು ಹುಟ್ಟಿದ್ದು ನನ್ನ ಕೈಯಾಗೆ" ಅಂದಳು ಅವ್ವ. ವಾಸನೆಗೆ ಮೋಸಹೋಗಿ ಕುರಿ ಬೇರೆ ಮರಿಯನ್ನು ಸೇರಿಸಿಕೊಳ್ಳುವುದು ಕುರಿ ಕಾಯುವವರಿಗೆಲ್ಲ ಗೊತ್ತು. ಆದರೂ ಎಲ್ಲರೂ ಮಾವನ ಮುಖ ನೋಡಿದರು.

ಮಾವ ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದರು. "ನಿನ್ನ ಮಾತು ನಂಬೋ ಹಂಗಿಲ್ಲ ಕಣವ್ವ. ಕೂತೋರೆಲ್ಲ ಕಣ್ಣಾರೆ ನೋಡ್ಯಾರೆ" ಎಂದು ಮರಿಯನ್ನು ಅವರಿಗೇ ಕೊಟ್ಟರು.

ಮರಿ ಹೋದದ್ದಕ್ಕಿಂತ, ಊರೆದುರು ಸುಳ್ಳುಗಾತಿ ಅನ್ನಿಸಿಕೊಂಡದ್ದು ಅವ್ವನನ್ನು ತಿಂದುಹಾಕಿತು. ಎಷ್ಟೋ ವರ್ಷ ಮಾವನ ಮನೆ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಹೋದ ವರ್ಷ ಮಾವ ಹಾಸಿಗೆ ಹಿಡಿದು, ಹೇಳಿ ಕಳಿಸಿದಾಗ ಅವ್ವ ಹೋದಳು. "ಮರಿ ನಿಂದೇ ಅಂತ ನಂಗೆ ಅವತ್ತೇ ಗೊತ್ತಿತ್ತು" ಎಂದರಂತೆ. ಸ್ವಲ್ಪ ದಿನಕ್ಕೆ ತೀರಿಕೊಂಡರು.

ಗೊತ್ತಿದ್ದೂ ಹಾಗೇಕೆ ಮಾಡಿದರು? ಪದ್ಧತಿ ಮುರಿದರೆ ಮುಂದೆ ಯಾವ ತಗಾದೆಯೂ ಬಗೆಹರಿಯುವುದಿಲ್ಲ ಎಂದೇ? ಪಕ್ಕದ ಹಟ್ಟಿಯವರ ಹೆದರಿಕೆಯೇ? ಮಾವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಕೋ, ಸಾಯುವ ಮುಂಚೆ ಹೇಳಿ ಹೋದರಲ್ಲ ಎಂದು ಕೈಮುಗಿಯಬೇಕೋ, ನನಗೆ ಇವತ್ತಿಗೂ ತಿಳಿಯದು.

"ಯಾಕೆ ಹಂಗೆ ಮಾಡಿದೆ ಅಂತ ನೀನಾದ್ರೂ ಕೇಳಬಾರದಿತ್ತೇನವ್ವ?" ಅಂದೆ.

"ಹೆಂಗೆ ಕೇಳಲಿ?" ಅಂದಳು ಅವ್ವ. "ಅಷ್ಟೊತ್ತಿಗೆ, ಆ ಮರಿ ನಂದು ಹೌದೋ ಅಲ್ವೋ ಅಂತ ನಂಗೇ ಅನುಮಾನ ಬಂದಿತ್ತು."